ಅರ್ಧ ತಟ್ಟೆ

"ಇದೇನಮ್ಮ ಶೋಭಾ, ಅರ್ಧ ತಟ್ಟೆಗೆ ಸೊಪ್ಪು ಹಾಕೋದು ಯಾವ ಸೀಮೆ ಪದ್ಧತಿ?"

ಬೆಳಗ್ಗೆ ಏಳು ಗಂಟೆಗೆ ರೇಷ್ಮೆ ಹುಳುಮನೆಯೊಳಗಿಂದ ಬಂದ ಓಬಳಮ್ಮನ ದನಿ ಬೀದಿಗೂ ಕೇಳಿಸಿತು. ಆಕೆ ಸ್ಟ್ಯಾಂಡಿನಿಂದ ಒಂದು ಬಿದಿರು ತಟ್ಟೆ ಎಳೆದು ಸೊಸೆಯ ಮುಂದೆ ಹಿಡಿದಿದ್ದಳು. ಬಲಗಡೆ ಹಿಪ್ಪುನೇರಳೆ ಸೊಪ್ಪು ದಪ್ಪಗೆ ಬಿದ್ದಿತ್ತು, ಹುಳುಗಳು ಬೆರಳ ಗಾತ್ರಕ್ಕೆ ಬೆಳೆದು ಚರಚರ ಮೇಯುತ್ತಿದ್ದವು. ಎಡಗಡೆ ಒಣಗಿದ ಕಡ್ಡಿ, ಹಿಕ್ಕೆ, ಅದರ ಮೇಲೆ ಸೊರಗಿದ ಹುಳುಗಳು. ಅವು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಎರಡನೇ ತಟ್ಟೆ ಎಳೆದಳು, ಅದೂ ಹಾಗೆಯೇ. ಹತ್ತು ತಟ್ಟೆ ಎಳೆದರೂ ಎಲ್ಲವೂ ಹಾಗೆಯೇ.

"ಎಲ್ಲದಕ್ಕೂ ತುಂಬ ಹಾಕಿದೀನಲ್ಲ ಅತ್ತೆ," ಎಂದಳು ಶೋಭಾರಾಣಿ, ತಟ್ಟೆಯನ್ನೇ ನೋಡುತ್ತ.

"ಕಣ್ಣೆದುರಿಗೆ ಹಿಡಿದಿದೀನಿ, ಇನ್ನೂ ಹಾಕಿದೀನಿ ಅಂತೀಯಲ್ಲ!"

"ಹಾಕಿದೀನಿ ಅತ್ತೆ. ಕಾಣಿಸ್ತಿದೆಯಲ್ಲ."

ಸುಳ್ಳು ಹೇಳುವವರ ಮುಖ ಓಬಳಮ್ಮನಿಗೆ ಚೆನ್ನಾಗಿ ಗೊತ್ತು. ಇದು ಆ ಮುಖವಲ್ಲ. ಅದಕ್ಕೇ ಆಕೆಗೆ ಇನ್ನಷ್ಟು ಉರಿಯಿತು. "ಅಣ್ಣನ ಗೃಹಪ್ರವೇಶಕ್ಕೆ ಕಳಿಸಲಿಲ್ಲ ಅಂತ ತಲೇಲಿ ಸೇಡು ಇಟ್ಕೊಂಡಿದೀಯ ಕಣೇ. ನನ್ನ ಮೇಲಿನ ಸೇಡು ಬಾಯಿಲ್ಲದ ಹುಳು ಮೇಲೆ ತೀರಿಸ್ಕೋತಿದೀಯ."

ಶೋಭಾರಾಣಿ ಬಲಗೈಯಿಂದ ಹಣೆ ಒತ್ತಿಕೊಂಡು ಹೊರಗೆ ನಡೆದಳು. ಹೋಗುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅದನ್ನೂ ಓಬಳಮ್ಮ ಸೊಕ್ಕು ಎಂದೇ ಲೆಕ್ಕ ಹಾಕಿದಳು.

ಕೆಂಚಾರ್ಲಹಳ್ಳಿಯಲ್ಲಿ ವೆಂಕಟರಾಮಪ್ಪನದು ಹಳೇ ರೇಷ್ಮೆ ಮನೆತನ. ಊರೆಲ್ಲ ರೆಂಬೆ ಸಮೇತ ಸೊಪ್ಪು ಹಾಕುವ ಹೊಸ ಪದ್ಧತಿಗೆ ಹೋದರೂ ಆತ ತಟ್ಟೆ ಬಿಟ್ಟಿರಲಿಲ್ಲ. ಮಗ ಸುನೀಲ್‌ಕುಮಾರ್ ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಗುಮಾಸ್ತ. ಮೊಮ್ಮಗಳು ಸೌಜನ್ಯ ಒಂಬತ್ತನೇ ಕ್ಲಾಸು. ಹುಳುವಿನ ಕೆಲಸವೆಲ್ಲ ಅತ್ತೆ ಸೊಸೆಯರದು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ತಟ್ಟೆಯಲ್ಲಿ ಹುಳು ಇರುವಷ್ಟು ದಿನ ಹೆಂಗಸರು ಊರು ಬಿಡುವಂತಿಲ್ಲ, ಆಸ್ಪತ್ರೆಗೆ ಹೋಗಿ ಬಂದವರು ಹುಳುಮನೆಗೆ ಕಾಲಿಡುವಂತಿಲ್ಲ. ಆಸ್ಪತ್ರೆಯ ಗಾಳಿ ಹುಳುವಿಗೆ ತಗುಲುತ್ತದಂತೆ. ಹಾಗಾಗಿ ಯಾರಿಗೆ ಏನೇ ನೋವು ಬಂದರೂ ಹುಳು ಗೂಡು ಕಟ್ಟುವತನಕ ತಡೆದುಕೊಳ್ಳುವುದು ವಾಡಿಕೆ. ಶೋಭಾರಾಣಿಗೆ ಎರಡು ವಾರದಿಂದ ತಲೆನೋವು. ಅಂಗಡಿ ಮಾತ್ರೆ ನುಂಗಿ ತಡೆದುಕೊಂಡಿದ್ದಳು. ಮಂಚೇನಹಳ್ಳಿಯ ಅಣ್ಣನ ಗೃಹಪ್ರವೇಶ ತಪ್ಪಿದ್ದೂ ಅದೇ ಸಮಯಕ್ಕೆ ಆದದ್ದರಿಂದ ಅವಳ ಮೌನ, ಸಪ್ಪೆ ಮುಖ, ಊಟ ಬಿಡುವುದು ಎಲ್ಲವೂ ತವರಿನ ಮುನಿಸಿನ ಖಾತೆಗೆ ಹೋಗಿದ್ದವು.

ಮಾರನೇ ದಿನ ಭಾನುವಾರ. ದೊಡ್ಡವರು ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಮುದ್ದೆ, ಹುರುಳಿಕಾಳಿನ ಸಾರು, ಹುರುಳೀಕಾಯಿ ಪಲ್ಯ. ಸೌಜನ್ಯ ಬಡಿಸುತ್ತಿದ್ದಳು.

"ನಂಗೆ ಪಲ್ಯ ಹಾಕಲೇ ಇಲ್ವಲ್ಲಮ್ಮ," ಎಂದಳು ಶೋಭಾರಾಣಿ.

"ಹಾಕಿದೀನಲ್ಲಮ್ಮ."

"ಎಲ್ಲಿ?"

ಪಲ್ಯ ತಟ್ಟೆಯ ಎಡಗಡೆ ಇತ್ತು. ಸೌಜನ್ಯ ಅಮ್ಮನ ಮುಖ ನೋಡಿದಳು, ತಟ್ಟೆ ನೋಡಿದಳು, ಮೆಲ್ಲಗೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಪಲ್ಯ ಬಲಗಡೆಗೆ ಬಂತು. "ಓ, ಇಲ್ಲಿದೆ," ಎಂದು ಶೋಭಾರಾಣಿ ತಿನ್ನತೊಡಗಿದಳು. ಈಗ ಮುದ್ದೆ ಎಡಕ್ಕೆ ಹೋಗಿತ್ತು. ಪಲ್ಯ ಮುಗಿಸಿ, ಊಟವೇ ಮುಗಿಯಿತೆಂಬಂತೆ ಕೈ ತೊಳೆಯಲು ಎದ್ದಳು.

"ಕೂತ್ಕೋ," ಎಂದ ವೆಂಕಟರಾಮಪ್ಪ. ಆತ ಮಾತಿನ ಮನುಷ್ಯನಲ್ಲ. ಹುಳು ಮೇಯುವುದನ್ನು ನೋಡಿಯೇ ಯಾವ ರೋಗ ಹತ್ತಿರ ಬರುತ್ತಿದೆ ಎಂದು ಹೇಳಬಲ್ಲ ಕಣ್ಣು ಅದು. ಎದ್ದು ಬಂದು ತಾನೇ ತಟ್ಟೆ ತಿರುಗಿಸಿದ. ಮುದ್ದೆ ಬಲಕ್ಕೆ ಬಂದೊಡನೆ ಅವಳು ಮುದ್ದೆ ಮುರಿದಳು.

"ಶೋಭಾ, ನಿನ್ನ ಎಡಗಡೆ ಯಾರಮ್ಮ ಕೂತಿರೋದು?"

"ಯಾರೂ ಇಲ್ವಲ್ಲ ಮಾವ."

ಅವಳ ಎಡಗಡೆ, ಒಂದು ಮೊಳ ದೂರದಲ್ಲಿ, ಗಂಡ ಸುನೀಲ್‌ಕುಮಾರ್ ಕೂತಿದ್ದ. ಅವನ ಕೈಯ ತುತ್ತು ಅಲ್ಲೇ ನಿಂತಿತು.

"ಬೈಕ್ ಬೇಡ, ಕಾರು ಕರಿ," ಎಂದ ವೆಂಕಟರಾಮಪ್ಪ ಮಗನಿಗೆ.

"ಇನ್ನೆರಡು ದಿನಕ್ಕೆ ಹುಳು ಹಣ್ಣಾಗಿ ಗೂಡಿಗೆ ಬರ್ತವೆ!" ಓಬಳಮ್ಮ ಎದ್ದು ನಿಂತಳು. "ಈಗ ಆಸ್ಪತ್ರೆಗೆ ಹೋದ್ರೆ ಇವಳು ವಾಪಸ್ ಒಳಗೆ ಬರೋ ಹಂಗಿಲ್ಲ. ನಾನೊಬ್ಬಳೇ ಏನು ಮಾಡ್ಲಿ? ಕೋಪಕ್ಕೆ ಹಿಂಗಾಡ್ತಿದಾಳೆ, ಎರಡು ದಿನ ಸುಮ್ನಿರಿ."

"ಹುಳು ಸೊಪ್ಪು ಬಿಟ್ರೆ ರೋಗ ಅಂತ ಬಡ್ಕೋತೀಯಲ್ಲ. ಸೊಸೆ ಅನ್ನ ಬಿಟ್ರೆ ಕೋಪ ಅಂತೀಯ. ಆ ಕಣ್ಣು ಇಲ್ಲಿಗೆ ಯಾಕೆ ಬರಲ್ಲ ನಿಂಗೆ?"

ನಲವತ್ತೈದು ವರ್ಷದಲ್ಲಿ ಗಂಡ ಅಷ್ಟು ಉದ್ದದ ಮಾತಾಡಿದ್ದನ್ನು ಓಬಳಮ್ಮ ಕೇಳಿರಲಿಲ್ಲ. ಅಪ್ಪ ಮಗ ಶೋಭಾರಾಣಿಯನ್ನು ಕರೆದುಕೊಂಡು ಹೊರಟರು. ಕಾರು ಹತ್ತುವ ಮುಂಚೆ ಶೋಭಾರಾಣಿ ಅಂಗಳದಲ್ಲಿ ವಾಂತಿ ಮಾಡಿಕೊಂಡಳು. ಓಬಳಮ್ಮ ನೀರು ಹಾಕಿ ತೊಳೆದು, ಗೊಣಗುತ್ತ ಹುಳುಮನೆಗೆ ಹೋದಳು.

ಸೋಮವಾರ ಬೆಳಗ್ಗೆ ಫೋನ್ ಬಂತು. ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿದವರು ಅಲ್ಲಿಂದಲೇ ಆಂಬ್ಯುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಕಳಿಸಿದ್ದರು.

"ಅಮ್ಮ, ಮಿದುಳಲ್ಲಿ ಕೀವು ಕಟ್ಟಿದೆಯಂತೆ. ನಿಂಬೆಹಣ್ಣಿನ ಗಾತ್ರ. ಮಧ್ಯಾಹ್ನ ತಲೆಗೆ ತೂತು ಹಾಕಿ ತೆಗೀತಾರೆ." ಸುನೀಲನ ದನಿ ಸಣ್ಣಗಿತ್ತು.

"ತಲೆಯೊಳಕ್ಕೆ ಕೀವು ಹೆಂಗೋ ಹೋಗತ್ತೆ?"

"ಕಿವಿಯಿಂದಮ್ಮ. ಆ ಬಲಗಿವಿ ಸೋರ್ತಿತ್ತಲ್ಲ."

ಓಬಳಮ್ಮ ಸೊಪ್ಪಿನ ಕುಕ್ಕೆಯ ಪಕ್ಕ ಕೂತಳು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಆ ಕಿವಿ ಸೋರುತ್ತಿತ್ತು. ಅದು ರೋಗವೆಂದು ಯಾರಿಗೂ ಅನ್ನಿಸಿರಲಿಲ್ಲ. ಒಬ್ಬರ ಕಣ್ಣು ಮೆಳ್ಳೆ ಇರುವಂತೆ, ಒಬ್ಬರ ಹಲ್ಲು ಮುಂದಿರುವಂತೆ, ಇವಳ ಕಿವಿ ಸೋರುವ ಕಿವಿ. ಜಾಸ್ತಿಯಾದಾಗ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಓಬಳಮ್ಮನೇ ಬಿಡುತ್ತಿದ್ದಳು, ಪ್ರೀತಿಯಿಂದಲೇ.

ಹುಳುಗಳು ಆಗಲೇ ಮೇವು ಕಡಿಮೆ ಮಾಡಿ ಹೊಳಪಿಗೆ ತಿರುಗುತ್ತಿದ್ದವು. ಮಾರನೇ ದಿನ ಅವನ್ನು ಆರಿಸಿ ಗೂಡು ಕಟ್ಟಲು ಸುರುಳಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಒಂದು ದಿನ ತಡವಾದರೆ ಬೆಳೆ ಹಾಳು. ಓಬಳಮ್ಮ ಪಕ್ಕದ ಮನೆಯ ಚಿಕ್ಕವೆಂಕಟಮ್ಮನನ್ನು ಕೂಗಿ ಕರೆದಳು.

"ನಾಳೆ ಇವನ್ನ ಚಂದ್ರಿಕೆಗೆ ಹಾಕ್ಸೆ. ಸೌಜನ್ಯ ಇರ್ತಾಳೆ ನಿನ್ ಜತೆ."

"ಹಣ್ಣಾಗೋ ದಿನ ನೀನು ಮನೆ ಬಿಡ್ತೀಯಾ ಓಬಳಕ್ಕ?" ಚಿಕ್ಕವೆಂಕಟಮ್ಮ ಬಾಯಿ ಬಿಟ್ಟಳು.

"ಬಿಡ್ತೀನಿ," ಎಂದು ಓಬಳಮ್ಮ ಸೀರೆ ಬದಲಾಯಿಸಲು ಒಳಗೆ ಹೋದಳು.

ಬೆಂಗಳೂರಿನ ಆಸ್ಪತ್ರೆ ತಲುಪಿದಾಗ ಹನ್ನೆರಡಾಗುತ್ತ ಬಂದಿತ್ತು. ಡಾಕ್ಟರ್ ಸಂಘಮಿತ್ರ ಎಂಬ ಸಣ್ಣ ಆಳಿನ ಹೆಂಗಸು ಮೂವರನ್ನೂ ಕಂಪ್ಯೂಟರಿನ ಮುಂದೆ ನಿಲ್ಲಿಸಿಕೊಂಡರು. ಪರದೆಯ ಮೇಲೆ ಶೋಭಾರಾಣಿಯ ತಲೆ ಅಡ್ಡಕ್ಕೆ ಕೊಯ್ದಂತೆ ಕಾಣುತ್ತಿತ್ತು. ಬೂದು ಬಣ್ಣದ ಮಡಿಕೆಗಳ ನಡುವೆ ಒಂದು ಕಪ್ಪು ಗುಂಡು, ಅದರ ಸುತ್ತ ಬೆಳ್ಳಗಿನ ಉಂಗುರ.

"ಕಿವಿಗೂ ಮಿದುಳಿಗೂ ಮಧ್ಯೆ ಇರೋ ಮೂಳೆ ಮೊಟ್ಟೆ ಸಿಪ್ಪೆಯಷ್ಟೇ ತೆಳು," ಎಂದರು ಡಾಕ್ಟರ್. "ವರ್ಷಗಟ್ಟಲೆ ಒಳಗೇ ಇದ್ದ ಸೋಂಕು ಅದನ್ನ ಸವೆಸಿ ಮೇಲಕ್ಕೆ ಹೋಗಿದೆ. ಮೊದಲು ಅಲ್ಲಿ ಮಿದುಳು ಊದ್ಕೊಳ್ಳತ್ತೆ, ಆಮೇಲೆ ನಡುವೆ ಕರಗಿ ಕೀವಾಗತ್ತೆ. ಅದು ಹರಡದ ಹಾಗೆ ಶರೀರ ತಾನೇ ಸುತ್ತ ಒಂದು ಪೊರೆ ಕಟ್ಟತ್ತೆ. ಈ ಬಿಳಿ ಉಂಗುರ ಅದೇ."

ವೆಂಕಟರಾಮಪ್ಪ ಪರದೆಯ ಹತ್ತಿರಕ್ಕೆ ಬಾಗಿದ. "ಗೂಡು ಕಟ್ಟಿದಂಗಿದೆ."

"ಹೌದು, ಹಾಗೇ ಅಂದ್ಕೊಳ್ಳಿ. ಎರಡು ವಾರದಲ್ಲಿ ಕಟ್ಟಿದೆ, ಯಾರೂ ಹೇಳಿಕೊಡದೆ. ಅದರಿಂದಲೇ ಇವರು ಇಷ್ಟು ದಿನ ಓಡಾಡಿಕೊಂಡಿದ್ದಿದ್ದು. ಆದರೆ ಅದೇ ಪೊರೆ ಈಗ ಔಷಧೀನೂ ಒಳಗೆ ಸರಿಯಾಗಿ ಬಿಡಲ್ಲ. ಅದಕ್ಕೆ ಕೀವು ಹೊರಗೆ ತೆಗೀಬೇಕು, ಯಾವ ಕ್ರಿಮಿ ಅಂತ ನೋಡಬೇಕು, ಅದಕ್ಕೆ ತಕ್ಕ ಔಷಧಿ ನರಕ್ಕೆ ಕೊಡಬೇಕು."

"ಅವಳಿಗೆ ಎಡಗಡೆ ಕಣ್ಣು ಹೋಗಿದೆಯಾ ಡಾಕ್ಟ್ರೇ?" ಸುನೀಲ್ ಕೇಳಿದ.

"ಕಣ್ಣು ಎರಡೂ ಚೆನ್ನಾಗಿವೆ. ಎಡಗಡೆ ಪ್ರಪಂಚಾನ ನೋಡ್ಕೊಳ್ಳೋದು ಬಲಗಡೆ ಮಿದುಳು. ಅಲ್ಲಿ ಕೀವು ಒತ್ತುತ್ತಾ ಇದೆ. ಹಾಗಾಗಿ ಅವರಿಗೆ ಎಡಗಡೆ ಅನ್ನೋದೊಂದು ಇದೆ ಅನ್ನೋದೇ ಗೊತ್ತಾಗ್ತಿಲ್ಲ. ಕತ್ತಲೆ ಕಂಡಿದ್ರೆ ಕಾಣ್ತಿಲ್ಲ ಅಂತ ಹೇಳ್ತಿದ್ರು. ಕತ್ತಲೇನೂ ಇಲ್ಲ. ಅರ್ಧವೇ ಅವರಿಗೆ ಪೂರ್ತಿ."

ಓಬಳಮ್ಮನಿಗೆ ತಟ್ಟೆ ಹಿಡಿದು ನಿಂತ ಬೆಳಗ್ಗೆ ನೆನಪಾಯಿತು. ಕಾಣಿಸ್ತಿದೆಯಲ್ಲ ಅತ್ತೆ, ಎಂದಿದ್ದಳಲ್ಲ. "ದೇವುಡಾ," ಎಂದಳು. ಭಯವಾದಾಗ, ಬೆರಗಾದಾಗ ಆಕೆಯ ಬಾಯಲ್ಲಿ ತವರಿನ ತೆಲುಗು ತಾನಾಗಿ ಬರುತ್ತದೆ. "ತಲೆಗೆ ತೂತು ಹಾಕಿದ್ರೆ ಮನುಷ್ಯರು ಉಳೀತಾರಾ ತಾಯಿ?"

"ಉಳೀತಾರಮ್ಮ. ಹಾಗೇ ಬಿಟ್ಟು ಅದು ಒಳಗೇ ಒಡೆದ್ರೆ ಉಳಿಸೋದು ಕಷ್ಟ."

ಎರಡು ಗಂಟೆ ಕಾದರು. ಯಾರೂ ನೀರು ಕೂಡ ಕುಡಿಯಲಿಲ್ಲ. ಡಾಕ್ಟರ್ ಹೊರಗೆ ಬಂದು, ಹುಣಸೆ ಬೀಜದಷ್ಟು ಅಗಲದ ತೂತು ಹಾಕಿದ್ದಾಗಿಯೂ, ಅದರಲ್ಲಿ ಸೂಜಿ ಇಳಿಸಿ ಕೀವು ಎಳೆದದ್ದಾಗಿಯೂ, ಅದನ್ನು ಲ್ಯಾಬಿಗೆ ಕಳಿಸಿದ್ದಾಗಿಯೂ ಹೇಳಿದರು.

"ಎಷ್ಟಿತ್ತು?" ಎಂದ ವೆಂಕಟರಾಮಪ್ಪ.

"ಆರು ಚಮಚ."

ಆರು ಚಮಚ! ಅಷ್ಟು ಕೀವು ಗಂಡನನ್ನು, ಅರ್ಧ ತಟ್ಟೆಯನ್ನು, ಬಾಗಿಲ ಒಂದು ಪಕ್ಕವನ್ನು ಇಲ್ಲವಾಗಿಸಿತ್ತು. ಓಬಳಮ್ಮ ತನ್ನ ತಲೆಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡಳು. ಐವತ್ತು ವರ್ಷ ಅದರ ಮೇಲೆ ಸೊಪ್ಪಿನ ಹೊರೆ ಹೊತ್ತಿದ್ದಳೇ ಹೊರತು ಒಳಗೇನಿದೆ ಎಂದು ಯೋಚಿಸಿದವಳಲ್ಲ.

ಮೂರನೇ ದಿನ ವಾರ್ಡಿಗೆ ಬಿಟ್ಟರು. ಬೋಳಿಸಿದ ಅರ್ಧ ತಲೆಗೆ ಪಟ್ಟಿ ಕಟ್ಟಿಕೊಂಡು ಶೋಭಾರಾಣಿ ಮಲಗಿದ್ದಳು. ಓಬಳಮ್ಮ ಮಂಚದ ಎಡಗಡೆ ಕುರ್ಚಿಯಲ್ಲಿ ಮುದುರಿ ಕೂತಿದ್ದಳು. ಅಲ್ಲಿ ಕೂತರೆ ಸೊಸೆಗೆ ಕಾಣುವುದಿಲ್ಲ, ಮಾತಾಡಬೇಕಾಗಿ ಬರುವುದಿಲ್ಲ ಎಂದು ಬೇಕೆಂದೇ ಆರಿಸಿಕೊಂಡ ಜಾಗ ಅದು.

ಶೋಭಾರಾಣಿ ನಿಧಾನವಾಗಿ ಕತ್ತು ಹೊರಳಿಸಿದಳು. "ಅತ್ತೆ, ನೀವು ಯಾವಾಗ ಬಂದ್ರಿ?"

ಓಬಳಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು. ಹತ್ತಿರದ ಮಂಚದವರು ಏನೋ ಕೆಟ್ಟದ್ದಾಯಿತೆಂದು ಎದ್ದು ಬಂದರು.

"ಹುಳು?" ಎಂದಳು ಶೋಭಾರಾಣಿ.

"ಹುಳು ಮನೆ ಹಾಳಾಗ. ನೀನು ನನ್ನ ನೋಡಿದೆಯಲ್ಲ!"

ಹುಳುಮನೆ ಹಾಳಾಗಿರಲಿಲ್ಲ. ಚಿಕ್ಕವೆಂಕಟಮ್ಮ ಊರ ಹೆಂಗಸರನ್ನೆಲ್ಲ ಸೇರಿಸಿ ಹುಳು ಆರಿಸಿ ಹಾಕಿದ್ದಳು. ಗೂಡು ಅರ್ಧ ಗಟ್ಟಿ, ಅರ್ಧ ಜಳ್ಳು. ವೆಂಕಟರಾಮಪ್ಪ ಅದನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದು ಬೆಳೆಯ ವಿಷಯ ಎತ್ತಲಿಲ್ಲ. ಮನೆಯಲ್ಲಿ ಸೌಜನ್ಯ ಮುದ್ದೆ ತಿರುವಲು ಕಲಿಯುತ್ತಿದ್ದಳು. ಒಳಗೆ ಹಸಿ ಹಿಟ್ಟು ಉಳಿದ ಆ ಮುದ್ದೆಯನ್ನು ತಾತ ಚೆನ್ನಾಗಿದೆ ಎಂದು ನುಂಗಿ, ಮೊಮ್ಮಗಳು ಶಾಲೆಗೆ ಹೋದಮೇಲೆ ಬಿಸಿನೀರು ಕುಡಿಯುತ್ತಿದ್ದ.

ಹತ್ತು ದಿನದ ಮೇಲೆ, ಮನೆಗೆ ಹತ್ತಿರವಾಗಲೆಂದು ಡ್ರಿಪ್ಪನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮುಂದುವರಿಸಲು ಬರೆದುಕೊಟ್ಟರು. ಅಲ್ಲಿಗೆ ಬಂದ ಮೂರನೇ ದಿನವೇ ಶೋಭಾರಾಣಿ ಮತ್ತೆ ಹಣೆ ಒತ್ತಿಕೊಂಡಳು. ಈ ಸಲ ಓಬಳಮ್ಮ ಯಾರನ್ನೂ ಕಾಯಲಿಲ್ಲ. ಇಡ್ಲಿ ತಟ್ಟೆ ತಂದು ಸೊಸೆಯ ಮುಂದಿಟ್ಟಳು. ಎಡಗಡೆಯ ಇಡ್ಲಿ ಹಾಗೇ ಉಳಿಯಿತು. ಆಕೆ ನೇರ ನರ್ಸಿನ ಮೇಜಿಗೆ ಹೋದಳು.

"ಮತ್ತೆ ತುಂಬ್ಕೊಂಡಿದೆ ಕಣಮ್ಮ. ಸ್ಕ್ಯಾನ್ ತೆಗೀರಿ."

"ನಿಮಗೆ ಹೇಗೆ ಗೊತ್ತು?"

"ಇಡ್ಲಿ ಹೇಳ್ತು."

ಸ್ಕ್ಯಾನ್ ಮಾಡಿದರು. ಓಬಳಮ್ಮ ಹೇಳಿದ್ದು ನಿಜವಾಗಿತ್ತು. ಮತ್ತೆ ಬೆಂಗಳೂರು, ಅದೇ ತೂತಿನಲ್ಲಿ ಮತ್ತೆ ಸೂಜಿ, ಮತ್ತೆರಡು ಚಮಚ. ಹೀಗಾಗುವುದುಂಟು, ಕೆಲವರಿಗೆ ಎರಡು ಮೂರು ಸಲ ತೆಗೆಯಬೇಕಾಗುತ್ತದೆ ಎಂದರು ಸಂಘಮಿತ್ರ. ಲ್ಯಾಬಿನಲ್ಲಿ ಕ್ರಿಮಿಯ ಹೆಸರು ತಿಳಿದಿತ್ತು, ಔಷಧಿಯಲ್ಲೊಂದನ್ನು ಬದಲಾಯಿಸಿದರು. ಇವತ್ತಿನಿಂದ ಆರು ವಾರ, ಒಂದು ದಿನವೂ ತಪ್ಪುವಂತಿಲ್ಲ ಎಂದು ಹೇಳಿ ಮತ್ತೆ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು.

ಆರು ವಾರ ಎನ್ನುವುದು ಹೇಳಲು ಸುಲಭ. ನಾಲ್ಕನೇ ವಾರದ ಹೊತ್ತಿಗೆ ಶೋಭಾರಾಣಿಯ ತಲೆಯಲ್ಲಿ ಕೂದಲು ಚಿಗುರಿತ್ತು, ವಾರ್ಡೆಲ್ಲ ಓಡಾಡುತ್ತಿದ್ದಳು, ಸೂಜಿ ಚುಚ್ಚಿ ಚುಚ್ಚಿ ಎರಡೂ ಕೈಯಲ್ಲಿ ನರ ಸಿಗುವುದೇ ಕಷ್ಟವಾಗಿತ್ತು. ಅಂಥ ಒಂದು ಮಧ್ಯಾಹ್ನ ಸುನೀಲ್ ಬುತ್ತಿ ತಂದು ಬಿಚ್ಚುತ್ತ ವಿಷಯ ಎತ್ತಿದ.

"ಅಪ್ಪ ಹೊಸ ಹುಳು ಹೇಳಿಟ್ಟಿದಾರೆ. ಮುಂದಿನ ಸೋಮವಾರ ಬರ್ತವೆ. ಇವಳು ಚೆನ್ನಾಗೇ ಇದಾಳಲ್ಲ, ಮಾತ್ರೆ ಬರಸ್ಕೊಂಡು ಹೋಗಣ."

"ನಂಗೂ ಸಾಕಾಗಿದೆ ಅತ್ತೆ," ಎಂದಳು ಶೋಭಾರಾಣಿ. "ಕೈ ನೋಡಿ ಹೆಂಗಾಗಿದೆ. ತಲೆನೋವಿಲ್ಲ, ಜ್ವರ ಇಲ್ಲ. ಮನೇಲಿ ಮಲಗ್ತೀನಿ."

"ಏನ್ರೀ, ನೀವೂ ಅದನ್ನೇ ಹೇಳೋಕೆ ಬಂದ್ರಾ?" ಎಂದು ಓಬಳಮ್ಮ ಬಾಗಿಲಲ್ಲಿ ನಿಂತಿದ್ದ ಗಂಡನನ್ನು ಕೇಳಿದಳು.

ವೆಂಕಟರಾಮಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಸೊಪ್ಪು ಬಲಿತು ಹೋಗ್ತಿದೆ. ನೀನಾದ್ರೂ ಬಂದ್ರೆ…"

"ಹುಳು ಚಂದ್ರಿಕೆ ಹತ್ತಿದ ಮಾರನೇ ದಿನ ಗೂಡು ಬಿಡಿಸ್ತೀರಾ ನೀವು? ಹೊರಗಿಂದ ನೋಡಿದ್ರೆ ಬೆಳ್ಳಗೆ ಗೂಡಾಗೇ ಇರತ್ತೆ. ಬಿಡಿಸಿದ್ರೆ ಒಳಗೆ ಹಸಿ ಹುಳು ಒಡೆದು ಗೂಡೆಲ್ಲ ಕೆಡತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಐದು ದಿನ ಮೈಮುಟ್ಟದೆ ಕಾಯ್ತೀರಲ್ಲ ಅದಕ್ಕೆ?" ಆಕೆಯ ದನಿ ವಾರ್ಡಿನ ಕೊನೆಯ ಮಂಚಕ್ಕೂ ಕೇಳುತ್ತಿತ್ತು. "ಡಾಕ್ಟ್ರಮ್ಮ ಆರು ವಾರ ಅಂದಿದಾರೆ. ಹೊಸ ಹುಳು ಬೇಡ ಅಂತ ಹೇಳಿ. ಸೊಪ್ಪು ಬೇಕಾದೋರು ಕೊಯ್ಕೊಂಡು ಹೋಗ್ಲಿ. ಇವಳ ಒಳಗಿರೋದು ಒಣಗೋತನಕ ನಾನು ಈ ಕುರ್ಚಿ ಬಿಡಲ್ಲ."

"ಊರವರೇನಂತಾರೆ?" ಎಂದ ಸುನೀಲ್.

"ಓಬಳಮ್ಮನಿಗೆ ಹುಚ್ಚು ಹಿಡೀತು ಅಂತಾರೆ. ಅನ್ಲಿ."

ವೆಂಕಟರಾಮಪ್ಪ ಹೊರಗೆ ಹೋಗಿ ಫೋನ್ ಮಾಡಿ ಬಂದ. "ಬೇಡ ಅಂದೆ," ಎಂದಷ್ಟೇ ಹೇಳಿ, ಬುತ್ತಿಯಿಂದ ಒಂದು ರೊಟ್ಟಿ ಮುರಿದು ಸೊಸೆಯ ಕೈಗಿಟ್ಟ.

ಆರು ವಾರ ತುಂಬಿದ ದಿನ ಬೆಂಗಳೂರಿಗೆ ಐವರೂ ಹೋದರು. ಸೌಜನ್ಯ ಶಾಲೆಗೆ ರಜೆ ಹಾಕಿದ್ದಳು. ಸಂಘಮಿತ್ರ ಪರದೆಯ ಮೇಲೆ ಮೊದಲ ಸ್ಕ್ಯಾನನ್ನೂ ಆ ದಿನದ ಸ್ಕ್ಯಾನನ್ನೂ ಪಕ್ಕಪಕ್ಕ ಹಾಕಿದರು. ಕಪ್ಪು ಗುಂಡು ಇದ್ದ ಕಡೆ ಒಂದು ಸಣ್ಣ ಕಲೆ ಮಾತ್ರ ಉಳಿದಿತ್ತು. ಒತ್ತಿ ಹೋಗಿದ್ದ ಮಡಿಕೆಗಳು ತಮ್ಮ ಜಾಗಕ್ಕೆ ಮರಳಿದ್ದವು.

"ಫಿಟ್ಸ್ ಬರದ ಹಾಗೆ ಮಾತ್ರೆ ಇನ್ನೂ ಕೆಲವು ತಿಂಗಳು ಬೇಕು," ಎಂದರು ಡಾಕ್ಟರ್. "ಮತ್ತೆ ಆ ಕಿವಿ. ಮುಂದಿನ ತಿಂಗಳು ಅದರ ಆಪರೇಷನ್. ಮೂಲ ಅಲ್ಲಿದೆ, ಅದನ್ನ ಬಿಟ್ರೆ ಇಷ್ಟೂ ದಂಡ."

ವೆಂಕಟರಾಮಪ್ಪ ಚಪ್ಪಲಿ ಬಿಟ್ಟು ಪರದೆಗೆ ಕೈಮುಗಿದ. ಡಾಕ್ಟರಿಗೆ ಮುಗಿದನೋ, ಯಂತ್ರಕ್ಕೋ, ತನ್ನ ಪಾಡಿಗೆ ತಾನು ಕಟ್ಟಿಕೊಂಡು ಬಿಚ್ಚಿಕೊಂಡ ಆ ತಲೆಗೋ, ಅವನಿಗೂ ಗೊತ್ತಿರಲಿಲ್ಲ. ಸೌಜನ್ಯ ಪರದೆಯನ್ನೇ ನೋಡುತ್ತಿದ್ದಳು. ಅಮ್ಮ ತನಗೆ ಬೈದದ್ದು, ಜಡೆ ಹಾಕಿದ್ದು, ತನ್ನ ಹೆಸರು ಕೂಗಿದ್ದು ಎಲ್ಲ ಆ ಬೂದು ಮಡಿಕೆಗಳೊಳಗಿಂದಲೇ ಎಂದು ಅವಳಿಗೆ ಮೊದಲ ಸಲ ಹೊಳೆಯಿತು.

ಗಂಡಸರು ಮಾತ್ರೆ ತರಲು ಹೋದರು, ಸೌಜನ್ಯಳೂ ಹಿಂದೆಯೇ ಹೋದಳು. ಅತ್ತೆ ಸೊಸೆ ಹೊರಗಿನ ಬೆಂಚಿನ ಮೇಲೆ ಕೂತರು. ಓಬಳಮ್ಮ ಸೆರಗಿನ ತುದಿ ಸುತ್ತುತ್ತ ಮಾತು ತೆಗೆದಳು.

"ನಿನ್ನ ತಲೇಲಿ ಸೇಡಿದೆ ಅಂದ್ಬಿಟ್ಟೆ ಕಣಮ್ಮ ಆವತ್ತು. ಈಗ ಒಳಗೆಲ್ಲ ನೋಡ್ಬಿಟ್ಟೆ. ಸೇಡೂ ಇರಲಿಲ್ಲ, ಏನೂ ಇರಲಿಲ್ಲ. ಕೀವಿತ್ತು ಅಷ್ಟೇ. ನನ್ನ ಬಾಯಿಗೆ ಬೆಂಕಿ ಬೀಳ."

ಶೋಭಾರಾಣಿ ಚಿಗುರಿದ ಕೂದಲ ಮೇಲೆ ಸೆರಗು ಸರಿಮಾಡಿಕೊಂಡಳು.

"ಇತ್ತು ಅತ್ತೆ," ಎಂದಳು.

"ಏನು?"

"ಕೋಪ. ಒಬ್ಬನೇ ಅಣ್ಣ. ಮನೆ ಕಟ್ಟಿಸಿ ಬಾಗಿಲಲ್ಲಿ ನಿಂತು ದಾರಿ ನೋಡಿದನಂತೆ. ನೀವು ಕಳಿಸಲಿಲ್ಲ. ಕೋಪ ಇತ್ತು, ಇನ್ನೂ ಇದೆ. ಫೋಟೋದಲ್ಲಿ ಬಿದ್ದಿಲ್ಲ ಅಷ್ಟೇ."

ಓಬಳಮ್ಮ ಸೊಸೆಯ ಮುಖವನ್ನು ನೇರವಾಗಿ ನೋಡಿದಳು. ಹದಿನಾರು ವರ್ಷದಲ್ಲಿ ಈ ಹುಡುಗಿ ತನ್ನೆದುರು ಹೀಗೆ ಮಾತಾಡಿದ್ದೇ ಇಲ್ಲ. ಆಕೆಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ನಗುತ್ತ ನಗುತ್ತ ಕಣ್ಣು ತುಂಬಿ ಹರಿಯಿತು.

"ಇರ್ಲಿ ಬಿಡೇ," ಎಂದಳು, ಸೊಸೆಯ ಗಾಯದ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು. "ಎಷ್ಟು ವರ್ಷ ಬೇಕಾದ್ರೂ ಇಟ್ಕೋ. ಕೋಪ ಮಾಡ್ಕೊಳ್ಳೋಕೆ ನೀನಿದೀಯಲ್ಲ."